ಹುಮನಾಬಾದ್ ಆಫೀಸಿನ ಕುರ್ಚಿ

ಆ ಸೋಮವಾರ ಮನೀಷಾ ಬೇಕೆಂದೇ ತಡ ಮಾಡಿದಳು. ಹುಮನಾಬಾದ್ ಬಸ್ ನಿಲ್ದಾಣದಿಂದ ಆಫೀಸು ಕೂಗಳತೆಯ ದೂರ. ಆದರೂ ದಾರಿಯಲ್ಲಿ ಹೂವಿನವಳ ಬುಟ್ಟಿಯ ಮುಂದೆ ನಿಂತು ಮಲ್ಲಿಗೆ ಕೊಂಡಳು, ಮುಡಿದಳು, ಮತ್ತೆ ಸುಮ್ಮನೆ ನಿಂತಳು. ಅಷ್ಟರಲ್ಲಿ ಅವನು ಕೀಲಿಕೈಯನ್ನು ಯಾರದ್ದಾದರೂ ಕೈಗೆ ಕೊಟ್ಟು ಹೊರಟುಹೋಗಿರಲಿ ಎಂಬುದೊಂದೇ ಅವಳ ಆಸೆ.

ಸಂಘಪಾಲ ಹೋಗಿರಲಿಲ್ಲ.

ಮೇಜು ಖಾಲಿ ಮಾಡಿಟ್ಟಿದ್ದ. ಕಿಟಕಿ ತೆರೆದಿತ್ತು. ತಾನು ಮಾತ್ರ ಮೇಜಿನ ಈಚೆಗೆ, ಭೇಟಿಗೆ ಬಂದವರು ಕೂರುವ ಮರದ ಕುರ್ಚಿಯಲ್ಲಿ ಕೂತಿದ್ದ. ಅವಳನ್ನು ಕಂಡದ್ದೇ ಎದ್ದು ನಿಂತ.

"ಬರ್ರಿ ಮೇಡಂ."

ಅವನ ಬಾಯಲ್ಲಿ ಆ 'ಮೇಡಂ' ಹೊಸದು. ಶನಿವಾರದವರೆಗೆ ಅವನು ಲೋಕೋಪಯೋಗಿ ಇಲಾಖೆಯ ಈ ಉಪವಿಭಾಗದ ಎಇಇ, ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್; ಅವಳು ಅವನ ಕೈಕೆಳಗೆ ಬಸವಕಲ್ಯಾಣ ಶಾಖೆಯ ಎಇ, ಸಹಾಯಕ ಎಂಜಿನಿಯರ್. ಅವಳು 'ಸರ್' ಎನ್ನುತ್ತಿದ್ದಳು. ಅವನು 'ಮನೀಷಾ ಅವ್ರೇ' ಎನ್ನುತ್ತಿದ್ದ, 'ರೇ' ಎಂಬಲ್ಲಿ ಸ್ವಲ್ಪ ಹೆಚ್ಚೇ ಎಳೆದು. ಹೊಸ ಆರ್ಡರಿನಂತೆ ಇಂದಿನಿಂದ ಈ ಕುರ್ಚಿ ಅವಳದು, ಬಸವಕಲ್ಯಾಣದ ಶಾಖೆ ಅವನದು.

"ಸರ್, ನೀವು..."

"ಸರ್ ಅನಬ್ಯಾಡ್ರಿ. ಕೇಳಿದವ್ರು ನಗ್ತಾರ."

"ಮತ್ತ ಏನನ್ಲಿ? ಹೆಸರ್ ಹಿಡಿದು ಕರೀಲೇನು?"

"ಆರ್ಡರ್‌ದಾಗ ಹೆಸರೇ ಅದಲ್ರಿ," ಎಂದು ನಕ್ಕ. ನಗು ತುಟಿಯಲ್ಲೇ ನಿಂತಿತು. ಕಣ್ಣು ಅವಳ ಜಡೆಯ ಕಡೆ ಹೋಗಿ ಅಲ್ಲೊಂದು ಕ್ಷಣ ತಂಗಿತು. "ಹೂ ಮುಡ್ಕೊಂಡು ಬಂದೀರಿ. ಛಲೋ ಆತು. ಖುಷಿ ದಿನ."

ಮನೀಷಾಳಿಗೆ ಆ ಮಲ್ಲಿಗೆಯನ್ನು ಅಲ್ಲೇ ಕಿತ್ತೆಸೆಯಬೇಕೆನಿಸಿತು. ಖುಷಿಗಲ್ಲ, ನಿಮ್ಮ ಮುಖ ನೋಡುವ ಧೈರ್ಯ ಸಾಲದೆ ಕೊಂಡ ಹೂ ಇದು ಎಂದು ಹೇಳುವುದು ಹೇಗೆ?

ಅಷ್ಟರಲ್ಲಿ ಅಟೆಂಡರ್ ಅಜೀಮುದ್ದೀನ್ ಚಹಾ ತಂದ. ಮೊದಲ ಕಪ್ಪು ಯಾರ ಮುಂದೆ ಇಡಬೇಕೆಂದು ತಿಳಿಯದೆ ಬಾಗಿಲಲ್ಲೇ ತಡೆದು ನಿಂತ. ಆಮೇಲೆ ಎರಡೂ ಕೈಯಲ್ಲಿ ಒಂದೊಂದು ಕಪ್ಪು ಹಿಡಿದು, ಇಬ್ಬರ ಮುಂದೆಯೂ ಒಟ್ಟಿಗೇ ಇಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಸಂಘಪಾಲ ಚಹಾ ಕುಡಿದ, ಅಧಿಕಾರ ಒಪ್ಪಿಸುವ ಕಾಗದಕ್ಕೆ ಸಹಿ ಹಾಕಿದ, ಬೈಕ್ ಹತ್ತಿ ಹೊರಟ.

*

ಇಬ್ಬರೂ ಒಂದೇ ವರ್ಷ ಇಲಾಖೆಗೆ ಸೇರಿದವರು. ಆಯ್ಕೆಪಟ್ಟಿಯಲ್ಲಿ ಅವಳ ಹೆಸರು ಮೇಲೆ, ಅವನದು ಕೆಳಗೆ. ಕೆಲವು ವರ್ಷಗಳ ನಂತರ ಮೀಸಲಾತಿಯ ರೋಸ್ಟರ್ ಪ್ರಕಾರ ಬಡ್ತಿ ಅವನಿಗೆ ಮೊದಲು ಬಂತು. ಅದರ ಜೊತೆಗೆ ಜ್ಯೇಷ್ಠತೆಯೂ ಬಂತು. ಆ ದಿನ ಬಸವಕಲ್ಯಾಣದ ಮನೆಯಲ್ಲಿ ಮನೀಷಾ ರೊಟ್ಟಿ ಮುಟ್ಟಿರಲಿಲ್ಲ. "ನನ್ನ ಹಿಂದಿನವರೆಲ್ಲ ಮುಂದ ಹೊಂಟ್ರು" ಎಂದು ಅವ್ವನ ಮುಂದೆ ಅತ್ತಿದ್ದಳು.

ಆಮೇಲೆ ಅದೇ ಮನುಷ್ಯ ಹುಮನಾಬಾದಿಗೆ ಸಾಹೇಬನಾಗಿ ಬಂದ. ಅವನ ತಪ್ಪು ಹುಡುಕಬೇಕೆಂದೇ ಅವಳು ಎರಡು ತಿಂಗಳು ಕಾದಳು. ಸಿಕ್ಕಿದ್ದು ಬೇರೆ. ಕೆಲಸ ನೋಡಲು ಹೋದಲ್ಲಿ ಕೂಲಿಯವರ ಜೊತೆ ಕೂತು ಬುತ್ತಿ ಬಿಚ್ಚುವುದು, ಅವಳ ವರದಿಯಲ್ಲಿ ತಪ್ಪಿದ್ದರೆ ಎಲ್ಲರೆದುರು ಹೇಳದೆ ಜೀಪಿನಲ್ಲಿ ಮೆತ್ತಗೆ ಹೇಳುವುದು, ಹೇಳಿದ ಮೇಲೆ ಅವಳ ಮುಖ ಸಣ್ಣದಾಯಿತೇ ಎಂದು ಕನ್ನಡಿಯಲ್ಲಿ ಕದ್ದು ನೋಡುವುದು. ಆ ಕದ್ದ ನೋಟವನ್ನು ಅವಳೂ ಕದ್ದು ಹಿಡಿದಳು. ಹಿಡಿದ ದಿನದಿಂದ ಹೆದ್ದಾರಿಯ ಉದ್ದ ಅವಳಿಗೆ ಸಾಲದಾಯಿತು.

ಸಸ್ತಾಪುರ ಬಂಗ್ಲಾದ ಕ್ರಾಸಿನಲ್ಲಿ ಜೀಪು ನಿಂತರೆ ಬಿಸಿ ಮಿರ್ಚಿ ಭಜಿ. ಕಳೆದ ಚಳಿಗಾಲದ ಒಂದು ಸಂಜೆ ಅಲ್ಲಿ ಅವನು ಕೇಳಿದ್ದ:

"ಮನೀಷಾ ಅವ್ರೇ, ನಾ ಒಂದಿನ ನಿಮ್ಮ ಅಪ್ಪಾರ ಅಂಗಡಿಗಿ ಬಂದ್ರ ಏನ್ ತಿಳ್ಕೋತೀರಿ?"

ಅಪ್ಪ ಬಕ್ಕಪ್ಪನವರದು ಬಸವಕಲ್ಯಾಣದಲ್ಲಿ ಬೇಳೆಕಾಳಿನ ಅಂಗಡಿ. ಅವಳು ಕಣ್ಣು ತಗ್ಗಿಸಿಯೇ ಕೇಳಿದಳು, "ಯಾಕ್ರಿ, ತೊಗರಿಬ್ಯಾಳಿ ಬೇಕಾಗಿತ್ತೇನು?"

"ಬ್ಯಾಳಿ ಅಲ್ರಿ."

"ಮತ್ತ?"

"ಬಂದಾಗ ಹೇಳ್ತೀನಿ."

ಅವನು ಬರಲಿಲ್ಲ. ಬಂದದ್ದು ಸುದ್ದಿ. ಬಡ್ತಿಯ ಮೀಸಲಾತಿಯಿಂದ ಸಿಕ್ಕ ಜ್ಯೇಷ್ಠತೆ ನಿಲ್ಲದು ಎಂದು ದೊಡ್ಡ ಕೋರ್ಟು ಹಿಂದೆಯೇ ಹೇಳಿತ್ತು; ಈಗ ಪಟ್ಟಿ ಹೊಸದಾಗಿ ಬರೆದರು. ರಾಜ್ಯದ ತುಂಬ ಎಷ್ಟೋ ಜನ ತಾವು ಕೂತಿದ್ದ ಕುರ್ಚಿಯಿಂದ ಒಂದು ಮೆಟ್ಟಿಲು ಕೆಳಗಿಳಿದರು. ಸಂಘಪಾಲನೂ ಇಳಿದ. ಮನೀಷಾ ಏರಿದಳು. ಆರ್ಡರ್ ಓದಿದ ಮೊದಲ ಗಳಿಗೆಯಲ್ಲಿ ಅವಳಿಗೆ ಖುಷಿಯೇ ಆಗಿತ್ತು. ಅದು ಯಾರ ಕುರ್ಚಿ ಎಂಬುದು ನೆನಪಾದದ್ದು ಎರಡನೆಯ ಗಳಿಗೆಯಲ್ಲಿ.

*

ಬೇಸಿಗೆ ಕಳೆಯಿತು, ಮಳೆಗಾಲ ಬಂತು. ವಾರಕ್ಕೊಮ್ಮೆ ಮೀಟಿಂಗಿಗೆ ಸಂಘಪಾಲ ಹುಮನಾಬಾದಿಗೆ ಬರುತ್ತಿದ್ದ. "ಹೌದ್ರಿ ಮೇಡಂ", "ಆತ್ರಿ ಮೇಡಂ" ಎರಡೇ ಮಾತು. ಅವಳು 'ಕೂಡ್ರಿ' ಎನ್ನುವತನಕ ಕೂರುತ್ತಿರಲಿಲ್ಲ. ಲೆಕ್ಕಪತ್ರ ವಿಭಾಗದ ಧನರಾಜ ಪೇಢೆಯ ಡಬ್ಬಿ ಹಿಡಿದು ಬಂದು, "ಕಡೀಗೂ ನಿಮಗ ನ್ಯಾಯ ಸಿಕ್ತು ನೋಡ್ರಿ" ಎಂದಾಗ ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು. ನುಂಗಲು ನೀರು ಬೇಕಾಯಿತು.

ಕೊನೆಗೆ ಒಂದು ಮಧ್ಯಾಹ್ನ ರಾಜೇಶ್ವರದ ಹತ್ತಿರ ಹಳ್ಳದ ಸೇತುವೆ ಕೆಲಸ ನೋಡುವ ನೆಪ ಮಾಡಿ ಹೋದಳು. ಪಕ್ಕದ ಹೊಲದಲ್ಲಿ ಹೆಂಗಸರು ಹೆಸರುಕಾಯಿ ಬಿಡಿಸುತ್ತಿದ್ದರು. ಸಂಘಪಾಲ ಪ್ಯಾಂಟು ಮಡಚಿ ಹಳ್ಳದಲ್ಲಿಳಿದು ಟೇಪು ಹಿಡಿದು ಅಳೆಯುತ್ತಿದ್ದ. ಕೆಲಸದವರು ಚಹಾಕ್ಕೆ ಹೋಗುವತನಕ ಕಾದು ಅವಳು ಮಾತು ತೆಗೆದಳು.

"ನಾ ಬರೆದು ಕೊಡ್ತೀನ್ರಿ. ಈ ಪ್ರಮೋಷನ್ ನನಗ ಬ್ಯಾಡ ಅಂತ."

ಅವನ ಕೈಯ ಟೇಪು ಸರ್ರನೆ ಸುತ್ತಿಕೊಂಡು ಒಳಗೆ ಹೋಯಿತು.

"ಯಾಕ?"

"ನಿಮ್ಮ ಸಲುವಾಗಿ."

"ನೀವು ಬಿಟ್ಟರ ಅದು ನನಗ ಬರಂಗಿಲ್ಲ. ಲಿಸ್ಟಿನ್ಯಾಗ ನಿಮ್ಮ ಹಿಂದಿದ್ದವ್ರಿಗಿ ಹೋಗ್ತದ. ಗೊತ್ತದಲ್ಲ?"

"ಗೊತ್ತದ. ಆದ್ರ ನೀವು ನಿಂತಿರ್ತೀರಿ, ನಾ ಕೂತಿರ್ತೀನಿ. ನನಗ ಆಗವಲ್ದು."

"ಅಂದ್ರ ಇದು ನನ್ನ ಸಲುವಾಗಿ ಅಲ್ಲ. ನಿಮ್ಮ ಸಮಾಧಾನದ ಸಲುವಾಗಿ." ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. "ನಮ್ಮಪ್ಪ ಇದೇ ರಸ್ತೀ ಮ್ಯಾಲೆ ಗ್ಯಾಂಗಿನಾಗ ಡಾಂಬರ್ ಕಾಸ್ತಿದ್ದ. ಮಗಾ ಇದೇ ಆಫೀಸಿಗಿ ಸಾಹೇಬಾಗಿ ಬಂದ. ಅದು ಯಾರೂ ದಯಾ ಮಾಡಿ ಕೊಟ್ಟಿದ್ದಲ್ರಿ, ಹಕ್ಕು. ಆ ಹಕ್ಕಿನ ಸಲುವಾಗಿ ನಮ್ಮ ಮಂದಿ ಹೋರಾಡಾಕತ್ತಾರ, ಸರ್ಕಾರ ಕಾನೂನು ತಂದದ, ಅದೂ ಈಗ ಕೋರ್ಟಿನಾಗ ಅದ. ಬಂದ್ರ ಇಜ್ಜತ್ತಿನಿಂದ ಬರ್ತದ. ನೀವು ನಡು ಬಂದು ದಾನ ಮಾಡಬ್ಯಾಡ್ರಿ."

ಅವಳ ಕಣ್ಣು ತುಂಬಿತು. ಆದರೆ ಬಾಯಿಗೆ ಬಂದದ್ದು ಅಳುವಲ್ಲ, ಸಿಟ್ಟು.

"ನೀವು ಹೇಳಿದ್ರಿ, ನಾ ಕೇಳ್ದೆ. ಈಗ ನಂದೂ ಕೇಳ್ರಿ. ನೀವು ಮೊದಲ ಸಲ ಸಾಹೇಬರಾದಾಗ ನಾ ಉಪವಾಸ ಮಲ್ಕೊಂಡಿದ್ದೆ. ಲಿಸ್ಟಿನ್ಯಾಗ ನಾ ಮುಂದಿದ್ದೆ. ರಾತ್ರಿ ಹಗಲು ಓದಿ ಮುಂದ ಬಂದಾಕಿ. ನಿಮಗ ಸರ್ ಅಂದಾಗೆಲ್ಲ ಮೊದಮೊದಲು ಗಂಟಲಾಗ ಮುಳ್ಳು ಚುಚ್ಚಿದಂಗ ಆಗ್ತಿತ್ತು. ಖರೇನೇ ಹೇಳಾಕತ್ತೀನಿ."

ಸಂಘಪಾಲ ಅವಳನ್ನೇ ನೋಡಿದ. ಆಮೇಲೆ ಹಳ್ಳದಿಂದ ಮೇಲೆ ಬಂದು ಸೇತುವೆಯ ಗೋಡೆಯ ಮೇಲೆ ಕೂತು, ಪಕ್ಕದ ಜಾಗದ ಧೂಳನ್ನು ಕೈಯಿಂದ ಒರೆಸಿದ.

"ಕೂಡ್ರಿ."

ಅವಳು ಕೂತಳು.

"ಇಷ್ಟು ವರ್ಷದಾಗ ಯಾರೂ ನನ್ನ ಮುಖದ ಮುಂದ ಇದನ್ನ ಹೇಳಿದ್ದಿಲ್ಲ. ಎದುರಿಗಿ ಪೇಢಾ, ಹಿಂದ ಮಾತು. ನೀವರ ಹೇಳಿದ್ರಿ." ಅವನು ಮೊದಲ ಬಾರಿಗೆ ಹಳೆಯ ಹಾಗೆ ನಕ್ಕ. "ಮುಳ್ಳು ಈಗೂ ಅದೇನು?"

"ಯಾವಾಗೋ ಹೋತು."

"ಯಾವಾಗ?"

"ನೀವು ಕನ್ನಡಿಯಾಗ ನನ್ನ ಕದ್ದು ನೋಡಾಕತ್ತಿದ್ರಲ್ಲ, ಆವಾಗ."

ಅವನ ಕಿವಿ ಕೆಂಪಾಯಿತು. ಹಳ್ಳದ ನೀರನ್ನು ನೋಡಿದ, ಹೊಲ ನೋಡಿದ, ಅವಳೊಬ್ಬಳನ್ನು ಬಿಟ್ಟು ಎಲ್ಲ ನೋಡಿದ.

"ಗೊತ್ತಿತ್ತೇನು ನಿಮಗ?"

"ಜೀಪಿನಾಗ ಕನ್ನಡಿ ಒಂದೇ ಇರ್ತದ್ರಿ. ನೀವು ನನ್ನ ನೋಡಿದ್ರ ನಾ ನಿಮಗ ಕಾಣ್ತೀನಿ, ನಾ ನೋಡಿದ್ರ ನೀವು ನನಗ ಕಾಣ್ತೀರಿ." ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. "ಆ ದಿನ ಹೂ ಮುಡಿದಿದ್ದು ಖುಷಿಗಲ್ಲ. ಒಳಗ ಬರಾಕ ಕಾಲು ಏಳವಲ್ದಂತ ದಾರ್‍ಯಾಗ ನಿಂತು ತಗೊಂಡಿದ್ದು. ಇಷ್ಟು ದಿನ ನೀವು ತಪ್ಪು ತಿಳ್ಕೊಂಡೀರಿ."

"ತಪ್ಪು ತಿಳ್ಕೊಂಡಿದ್ದು ಖರೇ. ಆದ್ರ ಹೂ ಮಾತ್ರ ಮಸ್ತ್ ಕಾಣಾಕತ್ತಿತ್ತು." ಆಮೇಲೆ ದನಿ ತಗ್ಗಿಸಿದ. "ಮನೀಷಾ ಅವ್ರೇ, ಆವಾಗ ನಿಮ್ಮ ಅಪ್ಪಾರ ಮುಂದ ಬಂದು ಕೇಳಬೇಕಂತಿದ್ದೆ. ಈಗ ಬಂದ್ರ ಜನ ಏನಂತಾರ? ಕುರ್ಚಿ ಹೋತು, ಕುರ್ಚಿಯಾಕಿನ್ನೇ ಹಿಡ್ಕೊಂಡ ಅಂತಾರ."

ಅವಳಿಗೆ ತಡೆಯಲಾರದ ನಗು ಬಂತು. "ಮೊದಲು ಸಾಹೇಬರ ಹಿಂದ ಓಡಾಡ್ತಾಳ ಅಂತ ನನಗ ಅಂದ್ರು. ಈಗ ನಿಮ್ಮ ಪಾಳಿ."

"ನನ್ನ ಹುದ್ದೆ ನನಗ ತಿರುಗಿ ಬರ್ಲಿ. ಆಮ್ಯಾಲ ಬರ್ತೀನಿ."

"ಬಂದಿಲ್ಲಂದ್ರ?"

ಅವನು ಟೇಪನ್ನು ಗೇಣುದ್ದ ಹೊರಗೆಳೆದು ಮತ್ತೆ ಒಳಗೆ ಬಿಟ್ಟ.

"ಕೋರ್ಟಿನ ತಾರೀಖಿಗಿ ನನ್ನ ಬದುಕು ಗಂಟು ಹಾಕಬ್ಯಾಡ್ರಿ," ಎಂದಳು ಅವಳು, ಮೆಲ್ಲಗೆ. "ಇದ್ದಂಗ ಬರ್ರಿ. ಎಳ್ಳಮಾಸಿಗಿ ನಮ್ಮ ಹೊಲಕ್ಕ ಬರ್ರಿ. ನಿಮ್ಮ ಅವ್ವಾರನೂ ಕರ್ಕೊಂಡು ಬರ್ರಿ."

*

ಎಳ್ಳಮಾವಾಸ್ಯೆಯ ದಿನ ಬೀದರ ಸೀಮೆಯಲ್ಲಿ ಊರುಗಳು ಖಾಲಿ, ಹೊಲಗಳು ತುಂಬಿರುತ್ತವೆ. ಬಕ್ಕಪ್ಪನವರ ಹೊಲ ಬಸವಕಲ್ಯಾಣದ ಅಂಚಿನಲ್ಲಿ. ಜೋಳ ಎದೆಯುದ್ದ ನಿಂತಿತ್ತು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದ ಮೇಲೆ ಬೇವಿನ ಮರದ ಕೆಳಗೆ ಜಮಖಾನ ಹಾಸಿ, ಅವ್ವ ಸಂಗಮ್ಮ ಹಸಿಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಬಡಿಸಿದಳು. ಆ ದಿನ ಹೊಲಕ್ಕೆ ಬಂದವರನ್ನು ಯಾರೂ ಯಾರೆಂದು ಕೇಳುವುದಿಲ್ಲ. ಸಂಘಪಾಲನೂ ಅವನ ತಾಯಿಯೂ ಹತ್ತು ಜನರ ನಡುವೆ ಕೂತು ಉಂಡರು. ತಂಗಿ ಸಾಕ್ಷಿ ಅವನ ತಟ್ಟೆಗೆ ಮೂರನೆಯ ಬಾರಿ ಭಜ್ಜಿ ಹಾಕಿ, ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದಳು. ಮನೀಷಾ ಅಂಬಲಿಯ ಲೋಟದಲ್ಲಿ ಮುಖ ಮರೆಸಿಕೊಂಡಳು.

ಊಟವಾದ ಮೇಲೆ ಅವನು ಬಕ್ಕಪ್ಪನವರ ಎದುರಿಗೆ ಬಂದು ಕೂತ.

"ಅಪ್ಪಾರೇ, ನಾ ಬರೇ ಊಟಕ್ಕ ಬಂದಿಲ್ರಿ. ಮನೀಷಾ ಅವರನ್ನ ಮದುವಿ ಆಗ್ಬೇಕಂತ ಮಾಡೀನಿ. ಅವರಿಗೂ ಮನಸ್ಸದ. ನಿಮ್ಮ ಹೂಂ ಬೇಕು."

ಬಕ್ಕಪ್ಪ ಎಲೆಅಡಿಕೆಯ ಚೀಲ ಬಿಚ್ಚಿದವರು ಬಿಚ್ಚಿದಂತೆಯೇ ಕೂತರು. "ನೀವು ದೊಡ್ಡ ಸಾಹೇಬರಂತ ಕೇಳಿದ್ದೆ."

"ಇದ್ದೆ. ಈಗ ಇಲ್ರಿ. ತಿರುಗಿ ಆಗ್ತೀನೋ ಇಲ್ಲೋ ಗೊತ್ತಿಲ್ಲ. ಈಗ ನಿಮ್ಮ ಮಗಳ ಕೈಕೆಳಗ ಕೆಲಸ ಮಾಡ್ತೀನಿ. ನಮ್ಮ ಜಾತಿ ನಿಮಗ ಗೊತ್ತೇ ಅದ. ನಾವು ಬುದ್ಧಗ ನಡ್ಕೋತೀವಿ. ಮುಚ್ಚಿಡೂದು ಏನೂ ಇಲ್ರಿ."

ಬಕ್ಕಪ್ಪ ಬೈಯಲಿಲ್ಲ. ಎದ್ದು, ಎತ್ತುಗಳ ಕಡೆ ಹೋಗಿ, ಬಹಳ ಹೊತ್ತು ಅವುಗಳ ಬೆನ್ನು ಸವರುತ್ತ ನಿಂತರು. ತಿರುಗಿ ಬಂದಾಗ ಇಷ್ಟೇ ಹೇಳಿದರು: "ನನಗ ಯೋಚನಿ ಮಾಡಾಕ ಬಿಡ್ರಿ."

ಮನೆಯಲ್ಲಿ ಆ ಯೋಚನೆ ವಾರಗಟ್ಟಲೆ ನಡೆಯಿತು. ಒಂದು ಸಂಜೆ ಅಂಗಡಿಯಿಂದ ಬಂದವರೇ ಹೆಂಡತಿಯ ಮುಂದೆ ಸಿಡುಕಿದರು.

"ಇದೇ ಕಲ್ಯಾಣದಾಗ ಶರಣರ ಕಾಲಕ್ಕ ಹರಳಯ್ಯನ ಮಗಗ ಮ್ಯಾಲಿನ ಜಾತಿ ಹುಡುಗಿ ತಂದಿದ್ದಕ್ಕ ರಕ್ತ ಹರೀತು. ಗೊತ್ತಿಲ್ಲೇನು ನಿನಗ?"

ಸಂಗಮ್ಮ ಜೋಳ ಹಸನು ಮಾಡುತ್ತ ತಲೆ ಎತ್ತಲಿಲ್ಲ. "ಗೊತ್ತದ. ಆ ಹರಳಯ್ಯನ ಗವಿಗಿ ಹೋಗಿ ವರ್ಷಾ ಕೈ ಮುಗೀತೀರಲ್ಲ, ಯಾರ ಪರ ಮುಗೀತೀರಿ ಅಂತ ನಾನೂ ಕೇಳ್ಬೇಕಂತಿದ್ದೆ."

ಗೋಡೆಯಾಚೆ ಕೂತಿದ್ದ ಮನೀಷಾಳಿಗೆ ಅಪ್ಪ ಚಪ್ಪಲಿ ಮೆಟ್ಟಿ ಮತ್ತೆ ಅಂಗಡಿಗೆ ಹೋದ ಸದ್ದು ಮಾತ್ರ ಕೇಳಿತು.

*

ಹೋಳಿ ಹಬ್ಬಕ್ಕೆ ಸ್ವಲ್ಪ ಮೊದಲು, ಒಂದು ಮಧ್ಯಾಹ್ನ ಬಕ್ಕಪ್ಪ ಹೇಳದೆ ಕೇಳದೆ ಹುಮನಾಬಾದ್ ಆಫೀಸಿಗೆ ಬಂದರು. ಮಗಳ ಎದುರಿಗೆ ಕೂತು, ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು.

"ಊಟ ಆತೇನಪ್ಪಾ?"

"ಆತು. ಸಂಘಪಾಲನ ಮನ್ಯಾಗ."

ಅವಳ ಕೈಯ ಪೆನ್ನು ನಿಂತಿತು.

"ಅವ ಇದ್ದಿದ್ದಿಲ್ಲ. ಇರಬಾರದಂತನೇ ಹೋಗಿದ್ದೆ. ಆ ತಾಯಿ ನನ್ನ ನೋಡಿ ತಂಬಿಗಿ ತಗೊಂಡು ಬಂದ್ಳು. ಬಾಗಲದಾಗ ನಿಂತಬಿಟ್ಳು. ಕೊಡ್ಲೋ ಬ್ಯಾಡೋ, ಇವ್ರು ಕುಡೀತಾರೋ ಇಲ್ಲೋ ಅಂತ." ಬಕ್ಕಪ್ಪ ಮೊಣಕಾಲಿನ ಮೇಲಿನ ಟೋಪಿಯನ್ನು ತಿರುಗಿಸಿಟ್ಟರು. "ನನ್ನಕಿಂತ ಹಿರೇ ಹೆಣ್ಮಗಳು, ಮನೀಷಾ. ತನ್ನ ಮನ್ಯಾಗ ತಾನೇ ಅಂಜಿ ನಿಂತಿದ್ಳು. ನನಗ ಭಾಳ ನಾಚಿಕಿ ಬಂತು. ನೀರು ಇಸ್ಕೊಂಡೆ. ರೊಟ್ಟಿ ಹಾಕ್ರಿ ಅಂತ ನಾನೇ ಕೇಳ್ದೆ."

ಮನೀಷಾ ಎದ್ದು ಬಂದು ಅಪ್ಪನ ಪಕ್ಕದಲ್ಲಿ ನಿಂತಳು.

"ಅವ ಸಾಹೇಬಿದ್ದಾಗ ಬಂದಿದ್ರ ಕುರ್ಚಿ ನೋಡಿ ಹೂಂ ಅಂತಿದ್ದೆ, ಒಳಗ ಜಾತಿ ಎಣಿಸ್ತಿದ್ದೆ. ಈಗ ನೋಡಾಕ ಮನಷ್ಯಾ ಒಬ್ಬನೇ ಉಳದಾನ. ಮನಷ್ಯಾ ಛಲೋ ಇದ್ದಾನ. ಬಳಗದವ್ರು ಏನರ ಅನ್ಲಿ, ಫಿಕರ್ ಮಾಡಬ್ಯಾಡ." ಅವರು ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. "ಅವಗ ಹೇಳು, ಅಂಗಡಿಗಿ ಬಾ ಅಂತ."

ಆ ಸಂಜೆ ಅವಳು ಫೋನ್ ಮಾಡಿದಳು. "ಅಪ್ಪ ಅಂಗಡಿಗಿ ಕರದಾರ."

ಆ ಕಡೆ ಮೂಗೆಳೆದ ಸಪ್ಪಳ. ಆಮೇಲೆ, "ಈಗರ ನನಗ ನೀ ಅನ್ನು, ಮನೀಷಾ."

"ನೀನೇ ಮೊದಲು ಅಂದಿ," ಎಂದಳು ಅವಳು.

*

ಏಪ್ರಿಲ್‌ನಲ್ಲಿ ಬಸವಕಲ್ಯಾಣದ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಬಳಗದಲ್ಲಿ ಅರ್ಧ ಜನ ಬರಲಿಲ್ಲ. ಬಂದವರಿಗೆ ಸಂಗಮ್ಮ ಎರಡೆರಡು ಹೋಳಿಗೆ ಹೆಚ್ಚು ಬಡಿಸಿದಳು. ಅಜೀಮುದ್ದೀನ್ ಹೊಸ ಶೇರ್ವಾನಿ ಹಾಕಿಕೊಂಡು ಬಂದು ಎಲ್ಲರಿಗಿಂತ ಜೋರಾಗಿ ಅಕ್ಷತೆ ಹಾಕಿದ.

ಮೇ ತಿಂಗಳಲ್ಲಿ ತೀರ್ಪು ಬಂತು. ಹೊಸ ಕಾನೂನನ್ನು ದೊಡ್ಡ ಕೋರ್ಟು ಎತ್ತಿಹಿಡಿಯಿತು. ಇನ್ನೂ ಕೆಲವು ತಿಂಗಳು ಪತ್ರ ಓಡಾಡಿ, ಇಳಿದವರೆಲ್ಲ ಮತ್ತೆ ಏರಿದರು. ಈಗಾಗಲೇ ಏರಿದವರನ್ನು ಇಳಿಸದಂತೆ ಹೆಚ್ಚುವರಿ ಹುದ್ದೆಗಳಾದವು. ಮನೀಷಾ ಹುಮನಾಬಾದಿನಲ್ಲೇ ಉಳಿದಳು. ಸಂಘಪಾಲನಿಗೆ ಬಸವಕಲ್ಯಾಣದಲ್ಲೇ ಹೊಸದಾಗಿ ತೆರೆದ ಉಪವಿಭಾಗದ ಎಇಇ ಹುದ್ದೆ ಸಿಕ್ಕಿತು. ಜ್ಯೇಷ್ಠತೆಯ ಪಟ್ಟಿಯಲ್ಲಿ ಅವನ ಹೆಸರು ಮತ್ತೆ ಅವಳಿಗಿಂತ ಮೇಲೆ ಹೋಯಿತು.

ಅವನು ಅಧಿಕಾರ ವಹಿಸಿಕೊಂಡ ದಿನ ಅವಳು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದಳು. ಅವನು ಕುರ್ಚಿಯಲ್ಲಿ ಕೂತಾಗ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ಕಣ್ತುಂಬ ನೋಡಿದಳು. ಅವನ ತಾಯಿ ಮಗನ ತಲೆ ಸವರಿದಾಗ ಅವಳ ಕಣ್ಣಲ್ಲೂ ನೀರು ಬಂತು. ಹೂಮಾಲೆ ತಂದವರೆಲ್ಲ ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು:

"ಒಂದು ಮಾತು ಹೇಳ್ಲೇನು? ಲಿಸ್ಟು ನೋಡಿದಾಗ ಜರಾ ಹೊಟ್ಟಿ ಉರೀತು. ಹಿಡಿಯಷ್ಟೇ."

ಸಂಘಪಾಲ ಅವಳ ಮುಖ ನೋಡಿದ. ಕಣ್ಣಂಚಿನಲ್ಲಿ ನಗೆ ಮೂಡಿತು.

"ನೀ ನನ್ನ ಕುರ್ಚಿ ಮ್ಯಾಲೆ ಕೂತಾಗ ನನಗ ಒಲಿಯಷ್ಟು ಉರದಿತ್ತು. ಹೇಳಿದ್ದಿಲ್ಲ."

"ಈಗ?"

"ಈಗ ಇಬ್ಬರೂ ಹೇಳೀವಿ. ಹೊಟ್ಟಿ ಹಗುರಾತು, ಊಟ ಮಾಡಿ ಹೋಗು."

"ಊಟಕ್ಕ ನಿಂದ್ರಿಸಬ್ಯಾಡ. ಮಧ್ಯಾಹ್ನ ನನಗ ಡ್ಯೂಟಿ ಅದ, ಸಾಹೇಬ."

ಅವಳು ಹೊರಟಳು. ಬಸ್ ನಿಲ್ದಾಣದಲ್ಲಿ ಹುಮನಾಬಾದ್ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ನೋಡಿದರೆ, ಕೊರಳಲ್ಲಿ ಇನ್ನೂ ಮಾಲೆ ಇದ್ದಂತೆಯೇ ಅವನು ಜನರ ನಡುವೆ ಜಲ್ದಿ ಜಲ್ದಿ ನಡೆದು ಬರುತ್ತಿದ್ದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬಿಸಿ ಭಜಿ. ಕಿಟಕಿಯ ಸರಳಿನ ನಡುವೆ ತೂರಿಸಿದ. ಅವನ ಬೆರಳು ಅವಳ ಬೆರಳಿಗೆ ತಾಗಿ, ಹಿಂದೆ ಸರಿಯಲು ಮರೆಯಿತು.

"ಮೊದಲ ದಿನನೇ ಕುರ್ಚಿ ಬಿಟ್ಟು ಬಂದಿಯಲ್ಲ!"

"ಕುರ್ಚಿ ಎಲ್ಲಿ ಹೋಗ್ತದ?"

"ಹೋಗ್ತದಪ್ಪಾ," ಎಂದಳು ಮನೀಷಾ. "ನಾವಿಬ್ರೂ ನೋಡೀವಲ್ಲ."

ಇಬ್ಬರಿಗೂ ಒಟ್ಟಿಗೇ ನಗು ಬಂತು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಕದಲಿತು. ಅವನು ನಗುತ್ತಲೇ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದ. ಪಕ್ಕದಲ್ಲಿ ಕೂತಿದ್ದ ಅಜ್ಜಿ, ಯಾಕ ನಗಾಕತ್ತಿ ತಾಯಿ ಎಂದು ಕೇಳಿದಳು. ಮನೀಷಾ ಅಜ್ಜಿಯ ಕೈಗೆ ಒಂದು ಬಿಸಿ ಭಜಿ ಇಟ್ಟಳು.